ಹೊರಗಿಟ್ಟ ಹೆಸರು

ನೇಪಲ್ಸಿನಲ್ಲಿ ನನ್ನ ಮಗಳು ಬಾಡಿಗೆಗಿದ್ದ ಕಟ್ಟಡದ ಹೆಬ್ಬಾಗಿಲ ಪಕ್ಕದಲ್ಲಿ ಒಂದು ಹಿತ್ತಾಳೆಯ ಫಲಕವಿತ್ತು. ಅದರಲ್ಲಿ ಕರೆಗಂಟೆಯ ಹದಿನಾಲ್ಕು ಗುಂಡಿಗಳು. ಒಂದೊಂದು ಗುಂಡಿಯ ಮುಂದೆ ಆ ಮನೆಯವರ ಅಡ್ಡಹೆಸರು. 2016ರ ಬೇಸಿಗೆಯಲ್ಲಿ ನಾನು ಎರಡು ತಿಂಗಳು ಅಲ್ಲಿದ್ದೆ. ಮಗಳು ಬೆಳಿಗ್ಗೆ ವಿಶ್ವವಿದ್ಯಾಲಯಕ್ಕೆ ಹೋದರೆ ಬರುವುದು ಸಂಜೆಗೆ. ಭಾಷೆ ಬಾರದ ಊರಿನಲ್ಲಿ ನಿವೃತ್ತ ಕನ್ನಡ ಮಾಸ್ತರನೊಬ್ಬ ಹೊತ್ತು ಹೇಗೆ ಕಳೆಯಬೇಕು? ಕಣ್ಣಿಗೆ ಬಿದ್ದ ಅಕ್ಷರಗಳನ್ನೆಲ್ಲ ಕೂಡಿಸಿ ಓದುತ್ತ ತಿರುಗುತ್ತಿದ್ದೆ. ಅಂಗಡಿಯ ಬೋರ್ಡು, ಬೀದಿಯ ಹೆಸರು, ಅಲ್ಲಿಯವರು ಗೋಡೆಗೆ ಅಂಟಿಸುವ ಸಾವಿನ ಸುದ್ದಿಯ ಕಾಗದ, ಕೊನೆಗೆ ಈ ಕರೆಗಂಟೆಗಳು.

ಧಾರವಾಡದ ಕಡೆಯವರಿಗೆ ಅಡ್ಡಹೆಸರಿನ ಚಪಲ ಹುಟ್ಟಿನಿಂದಲೇ ಬಂದಿರುತ್ತದೆ. ಅಕ್ಕಿ, ಬೆಲ್ಲದ, ಮೆಣಸಿನಕಾಯಿ, ಹುಣಸಿಮರದ... ನನ್ನ ಕಾಲದಲ್ಲಿ ಒಂದು ತರಗತಿಯ ಹಾಜರಿ ಕರೆದು ಮುಗಿಸಿದರೆ ಸಂತೆ ಮಾಡಿ ಬಂದಂತಾಗುತ್ತಿತ್ತು. ನಮ್ಮ ಮನೆತನವೇ ಉಳ್ಳಾಗಡ್ಡಿ. ಯಾವ ಅಜ್ಜ ಎಷ್ಟು ಎಕರೆ ಉಳ್ಳಾಗಡ್ಡಿ ಬೆಳೆದನೋ, ಅಥವಾ ಯಾವ ಸಂತೆಯಲ್ಲಿ ಮಾರಲಾಗದೆ ಹೊತ್ತು ತಂದನೋ, ಯಾರಿಗೂ ಗೊತ್ತಿಲ್ಲ. ಬೇರೆ ಕಡೆಯವರು ನಗುತ್ತಾರೆ. ನಮಗೆ ಅದರ ವಾಸನೆಯೇ ಬರುವುದಿಲ್ಲ.

ಆ ಫಲಕದಲ್ಲಿ ನಾಲ್ಕು ಗುಂಡಿಗಳ ಮುಂದೆ ಒಂದೇ ಹೆಸರಿತ್ತು: ಎಸ್ಪೋಸಿತೊ. ಅವಿಭಕ್ತ ಕುಟುಂಬ, ಅಣ್ಣತಮ್ಮಂದಿರು ಪಾಲಾಗಿ ಅದೇ ಕಟ್ಟಡದಲ್ಲಿ ಬೇರೆ ಬೇರೆ ಒಲೆ ಹೂಡಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಎರಡನೆಯ ಮಹಡಿಯವರಿಗೂ ನಾಲ್ಕನೆಯ ಮಹಡಿಯವರಿಗೂ ಮಾತುಕತೆ ಇಲ್ಲದ್ದನ್ನು ಕಂಡು ಆಸ್ತಿಯ ಜಗಳ ಇದ್ದೀತೆಂದೂ ಊಹಿಸಿದ್ದೆ. ಒಂದು ಸಂಜೆ ಇದನ್ನು ಹೇಳಿದಾಗ ಮಗಳು ನಕ್ಕಳು.

"ಅಪ್ಪಾ, ಅವರೇನು ಅಣ್ಣತಮ್ಮಂದಿರಲ್ಲ, ಒಬ್ಬರಿಗೊಬ್ಬರು ಸಂಬಂಧನೂ ಇಲ್ಲ. ಈ ಊರಾಗ ರಸ್ತೆ ನಡುವ ನಿಂತು ಎಸ್ಪೋಸಿತೊ ಅಂತ ಕೂಗಿ ನೋಡ್ರಿ, ಅರ್ಧ ಓಣಿ ಹೊಳ್ಳಿ ನೋಡತದ."

ನಿಜ. ನೇಪಲ್ಸಿನಲ್ಲಿಯೂ ಅದರ ಸುತ್ತಲಿನ ಕಂಪಾನಿಯಾ ಪ್ರಾಂತದಲ್ಲಿಯೂ ಎಲ್ಲಕ್ಕಿಂತ ಹೆಚ್ಚು ಜನ ಇಟ್ಟುಕೊಂಡ ಅಡ್ಡಹೆಸರು ಅದು. ಇಡೀ ಇಟಲಿಯ ಲೆಕ್ಕ ತೆಗೆದರೂ ರೋಸ್ಸಿ, ರುಸ್ಸೊ, ಫೆರಾರಿ ಮುಂತಾದವುಗಳ ಸಾಲಿನಲ್ಲಿ, ಮೊದಲ ಹತ್ತರೊಳಗೆ ನಿಲ್ಲುತ್ತದೆ. ರೋಸ್ಸಿ, ರುಸ್ಸೊ ಎಂದರೆ ಕೆಂಚು ಕೂದಲಿನವನು. ಫೆರಾರಿ ಎಂದರೆ ನಮ್ಮ ಕಮ್ಮಾರ. ಇವೆಲ್ಲ ಯಾವ ಊರಿನಲ್ಲಾದರೂ ಹುಟ್ಟಬಹುದಾದ ಹೆಸರುಗಳು. ಎಸ್ಪೋಸಿತೊ ಹಾಗಲ್ಲ. ಅದು 'ಎಕ್ಸ್‌ಪೊಸಿತುಸ್' ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು. ಹೊರಗೆ ಇಡಲ್ಪಟ್ಟದ್ದು ಎಂದು ಅರ್ಥ. ಹೆತ್ತವರು ಬಿಟ್ಟುಹೋದ ಕೂಸು.

ಮಗಳು ಇದನ್ನು ಹೇಳಿ ಅಡುಗೆಮನೆಗೆ ಹೋದಳು. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕಾರಣ ನೇಪಲ್ಸಿನಲ್ಲಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮರುದಿನವೇ ಅನ್ನುಂತ್ಸಿಯಾತಾ ನೋಡಲು ಹೊರಟೆವು. ಫೋರ್ಚೆಲ್ಲಾ ಎಂಬ ಇಕ್ಕಟ್ಟಾದ ಪೇಟೆಯ ಒಂದು ಬದಿಗೆ ಇರುವ ಈ ಚರ್ಚು ಮತ್ತು ಅದಕ್ಕೆ ಹೊಂದಿದ ಅನಾಥಶಿಶುಗಳ ಮನೆ 14ನೆಯ ಶತಮಾನದ್ದು. ಈಗ ಕಾಣುವ ಚರ್ಚು 1757ರ ಬೆಂಕಿಯ ನಂತರ ವಾನ್ವಿತೆಲ್ಲಿ ಎಂಬ ಶಿಲ್ಪಿ ಯೋಜಿಸಿ, ಅವನ ಮಗ ಮುಗಿಸಿದ್ದು. ಚರ್ಚು ದೊಡ್ಡದು, ಬೆಳ್ಳಗಿದೆ. ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ. ನಾವು ಹೋದದ್ದು ಪಕ್ಕದ ಒಂದು ಸಣ್ಣ ಕೋಣೆಗೆ. ಅಲ್ಲಿ ಗೋಡೆಯೊಳಗೆ ಕೂಡಿಸಿದ ಮರದ ಒಂದು ಉರುಳೆ ಇದೆ. ನಮ್ಮ ಹಗೇವಿನ ಬಾಯಿಯಷ್ಟೂ ಅಗಲವಿಲ್ಲ. ಉರುಳೆಯ ಒಂದು ಪಕ್ಕ ತೆರೆದಿದೆ. ಬೀದಿಯ ಕಡೆಯಿಂದ ಕೂಸನ್ನು ಅದರೊಳಗೆ ಇಟ್ಟು ತಿರುಗಿಸಿದರೆ ಅದು ಗೋಡೆಯ ಒಳಗಡೆಗೆ ಬರುತ್ತದೆ. ಗಂಟೆ ಬಾರಿಸಿ ಇಟ್ಟವರು ಕತ್ತಲಲ್ಲಿ ಹೊರಟುಹೋಗಬಹುದು. ಒಳಗೆ ರಾತ್ರಿಹಗಲು ಕಾಯುತ್ತಿದ್ದ ಹೆಂಗಸು ಕೂಸನ್ನು ಎತ್ತಿಕೊಳ್ಳುತ್ತಾಳೆ. ಇಟ್ಟವರ ಮುಖ ಎತ್ತಿಕೊಂಡವಳಿಗೆ ಕಾಣುವುದಿಲ್ಲ, ಎತ್ತಿಕೊಂಡವಳ ಮುಖ ಇಟ್ಟವರಿಗೂ ಕಾಣುವುದಿಲ್ಲ. ಇಟಲಿಯ ಊರೂರುಗಳಲ್ಲಿ ಇಂಥ ಚಕ್ರಗಳಿದ್ದವು. ಟೈಬರ್ ನದಿಯಲ್ಲಿ ಬೆಸ್ತರ ಬಲೆಗೆ ಮೀನಿನ ಬದಲು ಸತ್ತ ಕೂಸುಗಳು ಸಿಕ್ಕವೆಂದು ಕೇಳಿ ಮೂರನೆಯ ಇನ್ನೋಸೆಂಟ್ ಪೋಪ್ ಮೊದಲ ಚಕ್ರವನ್ನು ರೋಮಿನಲ್ಲಿ ಇಡಿಸಿದನೆಂದು ಐತಿಹ್ಯ. ನೇಪಲ್ಸಿನ ಚಕ್ರ ನಿಂತದ್ದು 1875ರಲ್ಲಿ.

ಒಳಗೆ ಬಂದ ಕೂಸಿಗೆ ಸ್ನಾನ, ಹಾಲು, ದೀಕ್ಷಾಸ್ನಾನ. ಕೊರಳಿಗೆ ಮಾತೆ ಮೇರಿಯ ಚಿತ್ರವಿದ್ದ ಸೀಸದ ಒಂದು ಬಿಲ್ಲೆ. ಆಮೇಲೆ ಪುಸ್ತಕದಲ್ಲಿ ನಮೂದು: ಯಾವ ದಿನ, ಯಾವ ಹೊತ್ತು, ಅಂದಾಜು ವಯಸ್ಸೆಷ್ಟು, ಮೈಮೇಲೆ ಏನಿತ್ತು. ಹರಿದ ಬಟ್ಟೆಯ ಬಣ್ಣವನ್ನೂ ಬಿಡದೆ ಬರೆಯುತ್ತಿದ್ದರಂತೆ, ನಾಳೆ ತಾಯಿ ಮರಳಿ ಬಂದರೆ ಗುರುತು ಹಿಡಿಯಲು ಬೇಕಲ್ಲ. ಫ್ಲಾರೆನ್ಸ್ ನಗರದ ಇಂಥದೇ ಮನೆಯ ವಸ್ತುಸಂಗ್ರಹಾಲಯದಲ್ಲಿ ತಾಯಂದಿರು ಕೂಸಿನ ಜೊತೆ ಬಿಟ್ಟುಹೋದ ಅರ್ಧ ನಾಣ್ಯಗಳು, ಅರ್ಧ ಪದಕಗಳು ಇವೆ. ಉಳಿದರ್ಧ ತಾಯಿಯ ಹತ್ತಿರ. ಎರಡೂ ಕೂಡಿದರೆ ಮಗು ಸಿಕ್ಕಿತು. ಆ ಅರ್ಧಗಳು ಇನ್ನೂ ಅರ್ಧಗಳಾಗಿಯೇ ಅಲ್ಲಿವೆ ಎಂದರೆ ಯಾರೂ ಬರಲಿಲ್ಲವೆಂದೇ ಲೆಕ್ಕ.

ಹೀಗೆ ಬಿಟ್ಟವರು ಯಾರು ಎಂದು ಕೇಳಿದರೆ ನಮಗೆ ತಟ್ಟನೆ ನೆನಪಾಗುವುದು ಮದುವೆಯಾಗದ ತಾಯಿ. ಅವಳೂ ಇದ್ದಳು, ಅವಳನ್ನು ಸುಮ್ಮನೆ ಬಿಟ್ಟಿರಲಿಲ್ಲ. ಡೇವಿಡ್ ಕೆರ್ಟ್ಸರ್ ಎಂಬ ವಿದ್ವಾಂಸ 1993ರಲ್ಲಿ ಬರೆದ ಪುಸ್ತಕವನ್ನು ಮಗಳು ನನಗೆ ತಂದುಕೊಟ್ಟಳು. ಅಂಥ ತಾಯಿ ಕೂಸನ್ನು ಇಟ್ಟುಕೊಳ್ಳುತ್ತೇನೆಂದರೂ ಪಾದ್ರಿ, ಸೂಲಗಿತ್ತಿ, ಪೋಲೀಸು ಎಲ್ಲರೂ ಸೇರಿ ಬಿಡಿಸುತ್ತಿದ್ದರು, ಮನೆತನದ ಮರ್ಯಾದೆಗೆ ಮಕ್ಕಳನ್ನು ಬಲಿಕೊಟ್ಟರು ಎಂದು ಅವನ ವಾದ. ಆದರೆ ಮದುವೆಯಾದವರೂ ಬಡತನಕ್ಕೆ ಹೆದರಿ ತಂದಿಡುತ್ತಿದ್ದರು. 19ನೆಯ ಶತಮಾನದ ಮಧ್ಯದಲ್ಲಿ ಮಿಲಾನ್ ನಗರದಲ್ಲಿ ಹುಟ್ಟಿದ ಕೂಸುಗಳಲ್ಲಿ ಮೂರರಲ್ಲೊಂದರಷ್ಟು ಚಕ್ರದ ಪಾಲಾಗುತ್ತಿದ್ದವು. ಒಳಗೆ ಹೋದವುಗಳಲ್ಲಿ ಬಹಳಷ್ಟು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಒಬ್ಬ ದಾಯಿಗೆ ಅನೇಕ ಕೂಸುಗಳು, ಹಾಲು ಎಲ್ಲಿಂದ ಬರಬೇಕು? ಬದುಕಿ ದೊಡ್ಡವರಾದವರಿಗೆ ಒಂದು ಅಡ್ಡಹೆಸರು ಬೇಕಲ್ಲ. ಗುಮಾಸ್ತ ಬರೆದ: ಎಸ್ಪೋಸಿತೊ.

ನಾನು ಮೂವತ್ತು ವರ್ಷ ವ್ಯಾಕರಣ ಕಲಿಸಿದವನು. ಇಡಲ್ಪಟ್ಟ ಎಂಬ ಮಾತು ಕನ್ನಡಕ್ಕೆ ಒಗ್ಗದ ಮಾತೆಂದು ಎಷ್ಟು ಸಲ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದೇನೋ. 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆ, ಮನೆಯಲ್ಲಿ ಯಾರೂ ಹಾಗೆ ಆಡುವುದಿಲ್ಲ. ಆದರೆ ಕರ್ಮಣಿ ಪ್ರಯೋಗಕ್ಕೆ ಒಂದು ಅನುಕೂಲವಿದೆ. 'ರಾಮನಿಂದ' ಎಂಬುದನ್ನು ತೆಗೆದರೂ ವಾಕ್ಯ ನಿಲ್ಲುತ್ತದೆ. ಮಾಡಿದವನು ಮರೆಯಾಗುತ್ತಾನೆ, ಆದದ್ದು ಮಾತ್ರ ಉಳಿಯುತ್ತದೆ. ಎಸ್ಪೋಸಿತೊ ಎಂಬುದು ಅಂಥದೊಂದು ಇಡೀ ವಾಕ್ಯ. ಇಟ್ಟವಳಿಗೆ ಆ ಹೆಸರಿಲ್ಲ. ಅವಳ ಕೈಯಿಂದ ಕೂಸನ್ನು ಬಿಡಿಸಿದ ಪಾದ್ರಿಗಿಲ್ಲ, ಹುಟ್ಟಿಸಿ ಸುಮ್ಮನಿದ್ದವನಿಗಂತೂ ಇಲ್ಲವೇ ಇಲ್ಲ. ಏನೊಂದೂ ಮಾಡದೆ ಅತ್ತದ್ದಷ್ಟೇ ಕೆಲಸವಾಗಿದ್ದ ಕೂಸಿಗೆ, ಬೇರೆಯವರು ಮಾಡಿದ ಕ್ರಿಯೆ ನಾಮಪದವಾಗಿ ಅಂಟಿಕೊಂಡಿತು.

ಬೇರೆ ಊರುಗಳವರು ಬೇರೆ ದಾರಿ ಹಿಡಿದರು. ರೋಮಿನಲ್ಲಿ ಪ್ರೊಯೆತ್ತಿ ಎಂದು ಹೆಸರಿಟ್ಟರು. ಅದು 'ಎಸೆದದ್ದು' ಎಂಬ ಅರ್ಥದ ಮಾತಿನಿಂದ ಬಂದದ್ದು, ಎಸ್ಪೋಸಿತೊಗಿಂತ ಒರಟು. ಬೊಲೋನ್ಯಾದಲ್ಲಿ ದೆಲ್ಯಿ ಎಸ್ಪೊಸ್ತಿ. ಮಿಲಾನಿನ ಮಕ್ಕಳಮನೆಯ ಲಾಂಛನ ಪಾರಿವಾಳವಾದ್ದರಿಂದ ಅಲ್ಲಿಯ ಮಕ್ಕಳೆಲ್ಲ ಕೊಲೊಂಬೊ ಆದರು, ಎಂದರೆ ಪಾರಿವಾಳ. (ಅಮೆರಿಕ ಮುಟ್ಟಿದ ಕೊಲಂಬಸ್ಸನಿಗೂ ಇದಕ್ಕೂ ಗಂಟುಹಾಕಬೇಡಿ, ಅವನು ಜಿನೋವಾದವನು, ಅವನ ಅಪ್ಪ ನೇಕಾರನೆಂದು ದಾಖಲೆ ಇದೆ.) ಫ್ಲಾರೆನ್ಸಿನ ಮನೆಯ ಹೆಸರು 'ನಿಷ್ಪಾಪಿಗಳ ಆಸ್ಪತ್ರೆ'. ಬ್ರುನೆಲ್ಲೆಸ್ಕಿ 1419ರಲ್ಲಿ ಕಟ್ಟಲು ತೊಡಗಿದ ಆ ಕಟ್ಟಡದ ಕಮಾನುಗಳ ಮೇಲೆ ನೀಲಿ ಹಿನ್ನೆಲೆಯಲ್ಲಿ ಬಟ್ಟೆ ಸುತ್ತಿದ ಕೂಸುಗಳ ಉಬ್ಬುಚಿತ್ರಗಳಿವೆ. ಅಲ್ಲಿ ಬಂದ ಮೊದಲ ಕೂಸು ಹೆಣ್ಣು. 1445ರ ಫೆಬ್ರವರಿ 5ರಂದು, ಸಂತ ಅಗಾತಾಳ ಹಬ್ಬದ ದಿನ ಬಂದಳೆಂದು ಅಗಾತಾ ಸ್ಮೆರಾಲ್ದಾ ಎಂದು ಹೆಸರಿಟ್ಟರು. ಸ್ಮೆರಾಲ್ದಾ ಎಂದರೆ ಪಚ್ಚೆ. ಅಲ್ಲಿ ಬೆಳೆದವರಿಂದ ಇನ್ನೋಚೆಂತಿ, ನೋಚೆಂತೀನಿ ಎಂಬ ಅಡ್ಡಹೆಸರುಗಳು ಬಂದವು. ನಿಷ್ಪಾಪಿ! ಹೆಸರೇನೋ ಚೆನ್ನಾಗಿದೆ. ಆದರೆ ನಿಷ್ಪಾಪಿ ಎಂದು ಹೇಳಬೇಕಾಗಿ ಬಂದದ್ದೇ ಪಕ್ಕದಲ್ಲೊಂದು ಪಾಪ ಇದ್ದುದರಿಂದ.

ಇದನ್ನೆಲ್ಲ ಓದುವಾಗ ಕನ್ನಡದವರಿಗೆ ಕರ್ಣ ನೆನಪಾಗದೆ ಇರುವುದಿಲ್ಲ. ಅವನೂ ಹೊರಗಿಟ್ಟ ಕೂಸೇ, ಚಕ್ರದ ಬದಲು ನದಿ. ಅವನಿಗೆ ಎರಡು ಹೆಸರುಗಳಿದ್ದವು. ಸೂತಪುತ್ರ ಎಂಬುದನ್ನು ತುಂಬಿದ ಸಭೆಯಲ್ಲಿ ಚುಚ್ಚಲು ಬಳಸಿದರು. ರಾಧೇಯ ಎಂಬುದು ಎತ್ತಿಕೊಂಡವಳ ಹೆಸರಿನಿಂದ ಬಂದದ್ದು. ಬಿಟ್ಟ ಕೈಯನ್ನು ನೆನೆಯುವ ಹೆಸರು ಬೇರೆ, ಎತ್ತಿದ ಕೈಯನ್ನು ನೆನೆಯುವ ಹೆಸರು ಬೇರೆ. ನೇಪಲ್ಸಿನ ಗುಮಾಸ್ತನಿಗೆ ರಾಧೇಯ ಎಂಬಂಥ ಒಂದು ಹೆಸರು ಹೊಳೆಯಬಾರದಿತ್ತೆ ಎಂದು ನಾನು ಆ ಕೋಣೆಯಲ್ಲಿ ನಿಂತು ಅವನನ್ನು ಮನಸ್ಸಿನಲ್ಲಿಯೇ ಬೈದೆ. ಬೈದು ಮುಗಿಸುವಷ್ಟರಲ್ಲಿ ನನಗೆ ನನ್ನದೇ ಕೈಬರಹ ಕಣ್ಣಮುಂದೆ ಬಂತು.

1979ನೆಯ ಇಸವಿ. ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಅರ್ಜಿ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ. ಊರ ಅನಾಥಾಶ್ರಮದಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಕನ್ನಡದಲ್ಲಿ ಜಾಣ, ಗಣಿತದಲ್ಲಿ ಅಷ್ಟಕ್ಕಷ್ಟೆ. ಶಾಲೆಯ ರಜಿಸ್ಟರಿನಲ್ಲಿ ಅವನದು ಒಂದೇ ಹೆಸರು; ಅಡ್ಡಹೆಸರಿನ ಕಾಲಮಿನಲ್ಲಿ ಒಂದು ಗೆರೆ ಎಳೆದಿದ್ದರು. ಅರ್ಜಿಯಲ್ಲಿ ಕಾಲಮು ಖಾಲಿ ಬಿಟ್ಟರೆ ತಿರುಗಿ ಬರುತ್ತದೆ ಎಂದು ಹೇಳಿದ್ದರು. ಸಂಜೆಯಾಗಿತ್ತು, ಇನ್ನೂ ನಲವತ್ತು ಅರ್ಜಿಗಳಿದ್ದವು. ಹುಡುಗನನ್ನು ಕರೆಸಿ ಕೇಳಿದೆ. ಅವನು ಸುಮ್ಮನೆ ನಿಂತ. ನಾನು ಬರೆದೆ: ಅನಾಥಾಶ್ರಮ. ನಮ್ಮ ಕಡೆಯ ರೂಢಿಯಂತೆ ಅಡ್ಡಹೆಸರು ಮೊದಲು, ಆಮೇಲೆ ಹೆಸರು. ಅಂಕಪಟ್ಟಿ ಹಾಗೆಯೇ ಅಚ್ಚಾಗಿ ಬಂತು.

ಆಗ ನನಗೆ ತಪ್ಪು ಮಾಡಿದೆ ಎನ್ನಿಸಲಿಲ್ಲ. ಬರೆದದ್ದು ನಿಜ. ಸುಳ್ಳು ಅಪ್ಪನನ್ನು ಸೃಷ್ಟಿಸಲಿಲ್ಲ. ಸಾಲದ್ದಕ್ಕೆ ಅವನನ್ನು ಸಾಕಿದ ಮನೆಯ ಹೆಸರನ್ನೇ ಕೊಟ್ಟಿದ್ದೆ. ರಾಧೇಯ ಎಂದಂತೆಯೇ ಆಯಿತಲ್ಲ, ಫ್ಲಾರೆನ್ಸಿನವರೂ ಮಾಡಿದ್ದು ಅದನ್ನೇ. ಈ ಸಮರ್ಥನೆಗಳೆಲ್ಲ ಆಮೇಲೆ ಹೊಳೆದವು. ಅಂದು ಸಂಜೆ ಇದ್ದದ್ದು ನಲವತ್ತು ಅರ್ಜಿಗಳು ಮಾತ್ರ.

ಹನ್ನೆರಡು ವರ್ಷದ ಮೇಲೆ, 1991ರಲ್ಲಿ, ಅವನು ನಮ್ಮ ಮನೆಗೆ ಬಂದ. ನೌಕರಿಯಲ್ಲಿದ್ದ, ಮದುವೆ ಗೊತ್ತಾಗಿತ್ತು. ಅಡ್ಡಹೆಸರು ಬದಲಿಸಿಕೊಳ್ಳಲು ಅಫಿಡವಿಟ್ ಮಾಡಿಸಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದ. ಹಳೆಯ ಹೆಸರಿನವನೂ ಹೊಸ ಹೆಸರಿನವನೂ ಒಬ್ಬನೇ ಎಂದು ಬಲ್ಲವರೊಬ್ಬರು ಬರೆದುಕೊಟ್ಟರೆ ಒಳ್ಳೆಯದೆಂದು ನನ್ನ ಬಳಿ ಬಂದಿದ್ದ. ಬರೆದುಕೊಟ್ಟೆ. ಚಹಾ ಕುಡಿದು ಏಳುವಾಗ ಅಂದ:

"ಸರ, ಒಂದು ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆವಾಗ ನೀವು ಯಾವುದರ ಒಂದು ಊರ ಹೆಸರು ಬರದಿದ್ರ ಆಗ್ತಿತ್ತಲ್ಲರೀ? ನಮ್ಮ ಕ್ಲಾಸಿನಾಗ ನವಲಗುಂದ ಇದ್ದ, ಗದಗ ಇದ್ದ, ಕುಂದಗೋಳ ಇದ್ದ. ಅವರಿಗೆ ಯಾರೂ ಏನೂ ಕೇಳತಿದ್ದಿಲ್ಲ."

ಅಷ್ಟೇ. ದೂರಲಿಲ್ಲ, ದನಿಯೇರಿಸಲಿಲ್ಲ. ಹನ್ನೆರಡು ವರ್ಷ ಎಲ್ಲಿ ಹೆಸರು ಹೇಳಿದರೂ ಎದುರಿನವರು ತಲೆ ಎತ್ತಿ ನೋಡಿದ್ದನ್ನು ಅವನು ವಿವರಿಸಬೇಕಾಗಿರಲಿಲ್ಲ. ಅವನು ಬಸ್‌ಸ್ಟ್ಯಾಂಡಿನ ಬೋರ್ಡು ನೋಡಿ ಒಂದು ಊರು ಆರಿಸಿಕೊಂಡಿದ್ದ. ಆ ಊರಿಗೆ ಅವನು ಹೋಗಿರಲೂ ಇಲ್ಲ. ಯಾವ ಊರೆಂದು ಇಲ್ಲಿ ಬರೆಯಲಾರೆ. ಬರೆದರೆ ಎರಡನೆಯ ಸಲ ಅದೇ ತಪ್ಪು ಮಾಡಿದಂತಾಗುತ್ತದೆ.

ಆ ಕೋಣೆಯಲ್ಲಿ ನಾನು ನನಗೇ ಹಾಕಿಕೊಂಡ ಪ್ರಶ್ನೆ ಇದು. ನಿಜವಾದ ಮಾತೆಂಬ ಒಂದೇ ಕಾರಣಕ್ಕೆ ಅದನ್ನು ಒಬ್ಬರ ಹೆಸರು ಮಾಡಬಹುದೆ? ಗುಮಾಸ್ತನೂ ಸುಳ್ಳು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಒಬ್ಬನ ಬದುಕಿನಲ್ಲಿ ನಿಜವಾದ ಸಂಗತಿಗಳು ಸಾವಿರ ಇರುತ್ತವೆ. ಆ ಹುಡುಗ ಕನ್ನಡದಲ್ಲಿ ಜಾಣನೆಂಬುದೂ ನಿಜವೇ ಆಗಿತ್ತು. ಆ ಸಾವಿರದಲ್ಲಿ ನನ್ನ ಪೆನ್ನು ಇದನ್ನೇ ಹೆಕ್ಕಿಕೊಂಡದ್ದೇಕೆ? ಅದು ನಮಗೆ, ಅಪ್ಪಅಮ್ಮ ಇದ್ದವರಿಗೆ, ಎಲ್ಲಕ್ಕಿಂತ ಮೊದಲು ಕಾಣುತ್ತದೆ ಎಂಬುದಕ್ಕಾಗಿ. ಸಾಕಿದ ಮನೆಯ ಹೆಸರು ಕೊಟ್ಟೆನೆಂಬ ಸಮಾಧಾನವೂ ನಿಲ್ಲುವುದಿಲ್ಲ. ರಾಧೇಯ ಎಂದರೆ ಒಬ್ಬಳು ತಾಯಿ. ಅನಾಥಾಶ್ರಮ ಎಂದರೆ ಒಂದು ಫಲಕ. ಕರುಣೆ ತೋರಿದವರು ತಮ್ಮ ಕರುಣೆಯ ಬಿಲ್ಲೆಯನ್ನು ಕೂಸಿನ ಕೊರಳಿಗೆ ಕಟ್ಟುತ್ತಾರೆ. ಸೀಸದ್ದಾದರೆ ದೊಡ್ಡವನಾದ ಮೇಲೆ ಕಿತ್ತುಹಾಕಬಹುದು.

ಸರಕಾರಗಳಿಗೂ ಇದು ಒಂದೊಂದಾಗಿ ತಿಳಿದುಬಂತು. ಸ್ಪೇನಿನಲ್ಲಿ ಇದೇ ಹೆಸರು ಎಕ್ಸ್‌ಪೋಸಿತೊ ಎಂಬ ರೂಪದಲ್ಲಿತ್ತು. ಅಲ್ಲಿಯ ನಾಲ್ಕನೆಯ ಕಾರ್ಲೋಸ್ 1794ರಲ್ಲಿ, ಇಂಥ ಮಕ್ಕಳನ್ನು ಹಾದರಕ್ಕೆ ಹುಟ್ಟಿದವರೆಂದು ಜರೆದವರಿಗೆ ಶಿಕ್ಷೆ ಎಂದು ಆಜ್ಞೆ ಹೊರಡಿಸಿದ. ನೇಪಲ್ಸನ್ನು 1808ರಿಂದ 1815ರವರೆಗೆ ಆಳಿದವನು ನೆಪೋಲಿಯನ್ನನ ಭಾವ ಮುರಾಟ್. ಅವನ ಆಳ್ವಿಕೆಯಲ್ಲಿ ಹೊಸ ಮಕ್ಕಳಿಗೆ ಎಸ್ಪೋಸಿತೊ ಎಂದು ಹೆಸರಿಡುವುದನ್ನು ನಿಲ್ಲಿಸಲಾಯಿತು. ಮಿಲಾನ್ 1825ರಲ್ಲಿ ಕೊಲೊಂಬೊ ಬಿಟ್ಟಿತು. ಆಮೇಲಿನ ಗುಮಾಸ್ತರು ಒಂದೊಂದು ಕೂಸಿಗೆ ಒಂದೊಂದು ಹೊಸ ಅಡ್ಡಹೆಸರನ್ನು ತಲೆಯಿಂದ ತೆಗೆದು ಇಡತೊಡಗಿದರು. ಆದರೂ ತಂದೆಯ ಹೆಸರು ಬರೆಯುವ ಕಡೆ 'ಎನ್.ಎನ್.' ಎಂಬ ಎರಡಕ್ಷರ ಉಳಿದೇ ಇತ್ತು. ಯಾರೆಂದು ತಿಳಿಯದು ಎಂದು ಅದರ ಸಾರ. ಇಟಲಿಯ ಗುರುತಿನ ಕಾಗದಗಳಿಂದ ತಂದೆತಾಯಿಯ ಹೆಸರಿನ ಕಾಲಮನ್ನೇ ತೆಗೆದದ್ದು 1955ರ ಕಾನೂನು. ಎಲ್ಲರ ಕಾಗದದಿಂದಲೂ ತೆಗೆದರು. ಅದು ಜಾಣತನ. ಇಲ್ಲದವರ ಕಾಗದದಿಂದ ಮಾತ್ರ ತೆಗೆದಿದ್ದರೆ ಅದು ಇನ್ನೊಂದು ಗುರುತಾಗುತ್ತಿತ್ತು.

ನನ್ನನ್ನು ತಡೆದು ನಿಲ್ಲಿಸಿದ್ದು 2000ದ ಅವರ ನಾಗರಿಕ ನೋಂದಣಿ ನಿಯಮ. ಹೆತ್ತವರು ತಿಳಿಯದ ಮಗುವಿಗೆ ಅದರ ಹುಟ್ಟನ್ನು ಸೂಚಿಸುವ ಹೆಸರಾಗಲಿ ಅಡ್ಡಹೆಸರಾಗಲಿ ಇಡಕೂಡದು. ಇತಿಹಾಸಪ್ರಸಿದ್ಧವಾದ, ಅಥವಾ ಆ ಊರಿನ ಹೆಸರಾಂತ ಮನೆತನದ ಅಡ್ಡಹೆಸರನ್ನೂ ಇಡಕೂಡದು. ತಗ್ಗಿಸಲೂ ಬೇಡ, ಏರಿಸಲೂ ಬೇಡ. ಯಾರೂ ತಲೆ ಎತ್ತಿ ನೋಡದಂಥ ಒಂದು ಹೆಸರಿರಲಿ. ಮಗಳು ಇದನ್ನು ಓದಿ ಅರ್ಥ ಹೇಳಿದಾಗ ನಾನು ಇನ್ನೊಮ್ಮೆ ಓದು ಎಂದೆ. ಎಷ್ಟೋ ಪಂಡಿತರು ಕೂತು ಬರೆದಿರಬೇಕಾದ ಆ ನಿಯಮವನ್ನು 1991ರಲ್ಲಿಯೇ ನಮ್ಮ ಪಡಸಾಲೆಯಲ್ಲಿ ಒಬ್ಬ ಹುಡುಗ ಬಸ್‌ಸ್ಟ್ಯಾಂಡಿನ ಭಾಷೆಯಲ್ಲಿ ಹೇಳಿಹೋಗಿದ್ದ.

ಹಾಗಾದರೆ ಕಾನೂನೇ ಎಸ್ಪೋಸಿತೊಗಳನ್ನು ಉಳಿಸಿತೆ? ಈ ಪ್ರಶ್ನೆಗೆ ನನ್ನಲ್ಲಿ ನೆಟ್ಟನೆಯ ಉತ್ತರವಿಲ್ಲ. ಮುರಾಟ್ ನಿಲ್ಲಿಸಿದ್ದು ಹೊಸ ಹೆಸರಿಡುವುದನ್ನು. ಆಗಲೇ ಇದ್ದವರು ಹಾಗೆಯೇ ಉಳಿದರು. ಕೆಲವರು ತಲೆಯ ಅಕ್ಷರ ಕಳಚಿ ಸ್ಪೋಸಿತೊ ಆದರು. ಸ್ಪೇನಿನಲ್ಲಿ 1921ರಲ್ಲಿ ಹೆಸರು ಬದಲಿಸಲು ಅನುಕೂಲವಾಗುವಂತೆ ಕಾನೂನನ್ನೇ ಮಾಡಿದರು. ನೇಪಲ್ಸಿನ ಬಹುಪಾಲು ಜನ ಬದಲಿಸಲಿಲ್ಲ. ಮದುವೆಯಾದರು, ಮಕ್ಕಳನ್ನು ಹೆತ್ತರು, ಹಡಗು ಹತ್ತಿ ಅರ್ಜೆಂಟೀನಾಕ್ಕೂ ಅಮೆರಿಕಕ್ಕೂ ಹೋದರು. ಇಂದು ನಮ್ಮ ಹುಬ್ಬಳ್ಳಿಯಲ್ಲಿಯೂ ಸಿಗುವ ಮಾರ್ಗರೀತಾ ಪಿಜ್ಜಾವನ್ನು 1889ರಲ್ಲಿ ಇಟಲಿಯ ರಾಣಿಗೆ ಮಾಡಿಕೊಟ್ಟನೆಂದು ಕತೆ ಹೇಳುವ ಬಾಣಸಿಗನ ಹೆಸರು ರಫಾಯೆಲೆ ಎಸ್ಪೋಸಿತೊ. ಕತೆ ಪೂರಾ ನಿಜವಲ್ಲವೆಂದು ವಾದಿಸುವವರೂ ಇದ್ದಾರೆ, ಇರಲಿ. 1950ರಲ್ಲಿ ಆ ಸೀಮೆಯಲ್ಲಿಯೇ ಹುಟ್ಟಿದ ರೊಬೆರ್ತೊ ಎಸ್ಪೋಸಿತೊ ಇಂದಿನ ಇಟಲಿಯ ದೊಡ್ಡ ತತ್ತ್ವಚಿಂತಕರಲ್ಲೊಬ್ಬರು. ಸಮುದಾಯ ಎಂಬ ಅರ್ಥದ 'ಕೊಮ್ಯುನಿತಾಸ್' ಎಂಬ ಲ್ಯಾಟಿನ್ ಮಾತನ್ನು ಅವರು 1998ರ ಪುಸ್ತಕದಲ್ಲಿ ಒಡೆದು ನೋಡಿದ್ದಾರೆ. ಅದರೊಳಗೆ 'ಮುನುಸ್' ಎಂಬ ಮಾತಿದೆ: ಕೊಡಲೇಬೇಕಾದ ಕೊಡುಗೆ, ಒಂದು ಬಗೆಯ ಋಣ. ಜನರನ್ನು ಒಂದುಗೂಡಿಸುವುದು ಅವರ ಬಳಿ ಸಮಾನವಾಗಿ ಇರುವ ಆಸ್ತಿಯಲ್ಲ, ಒಬ್ಬರು ಇನ್ನೊಬ್ಬರಿಗೆ ಸಲ್ಲಿಸಬೇಕಾದ ಋಣ ಎಂದು ಅವರ ವಾದ. ಹೊರಗಿಟ್ಟವನು ಎಂಬ ಹೆಸರಿನವರು ಒಳಗಿರುವುದೆಂದರೇನು ಎಂದು ಬರೆದದ್ದು ಆಕಸ್ಮಿಕವೇ ಇರಬೇಕು. ಅವರು ತಮ್ಮ ಹೆಸರಿನಿಂದ ಹೊರಟು ಹಾಗೆ ಯೋಚಿಸಿದರೆಂದು ನಾನು ಹೇಳುವುದಿಲ್ಲ. ಉಳ್ಳಾಗಡ್ಡಿಯವರೆಲ್ಲ ಒಕ್ಕಲುತನದ ಬಗ್ಗೆ ಬರೆಯುತ್ತಾರೆಯೆ?

ಒಬ್ಬೊಬ್ಬ ಕೂಸಿಗೆ ಒಂದೊಂದು ಹೊಸ ಹೆಸರು ಕಟ್ಟಿದ ಗುಮಾಸ್ತರ ದಯೆಯಲ್ಲಿಯೂ ಒಂದು ಕೊರತೆ ಇತ್ತೆಂದು ನನಗೆ ಕಾಣುತ್ತದೆ. ಅಂಥ ಹೆಸರಿನವನಿಗೆ ಆ ಹೆಸರಿನ ಇನ್ನೊಬ್ಬ ಮನುಷ್ಯ ಭೂಮಿಯ ಮೇಲೆ ಇಲ್ಲ. ಎಸ್ಪೋಸಿತೊಗೆ ಇಡೀ ಊರಿದೆ. ನನ್ನ ಹುಡುಗನಿಗೆ ಅವನ ತರಗತಿಯಲ್ಲಿ, ಅವನ ಕಚೇರಿಯಲ್ಲಿ, ಅದೇ ಹೆಸರಿನ ಇನ್ನೂ ನಾಲ್ವರು ಇದ್ದಿದ್ದರೆ ಬದಲಿಸಿಕೊಳ್ಳಲು ಬರುತ್ತಿದ್ದನೋ ಇಲ್ಲವೋ. ಈ ಯೋಚನೆಯಿಂದ ನನ್ನ ತಪ್ಪು ಹಗುರಾಗುವುದಿಲ್ಲ ಎಂಬುದೂ ಗೊತ್ತಿದೆ. ಒಬ್ಬನ ಮೇಲೆ ಬಿದ್ದ ಕಲ್ಲು ಮುನ್ನೂರು ವರ್ಷದಲ್ಲಿ ನುಣ್ಣಗಾದೀತೆಂದು ಅವನಿಗೆ ಹೇಗೆ ಹೇಳುವುದು?

ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬರು ವೃದ್ಧೆ ಇದ್ದರು, ನಾಲ್ಕು ಎಸ್ಪೋಸಿತೊಗಳಲ್ಲಿ ಒಬ್ಬರು. ಎಂಬತ್ತು ದಾಟಿದವರು. ಮಗಳನ್ನು ಕಂಡರೆ ಅಕ್ಕರೆ. ಬದನೆಕಾಯಿ ಬೇಯಿಸಿದ ದಿನ ಒಂದು ತಟ್ಟೆಯಲ್ಲಿ ಹಾಕಿ ಮೇಲೊಂದು ತಟ್ಟೆ ಮುಚ್ಚಿ ತರುತ್ತಿದ್ದರು. ನಾನು ಹೊರಡುವ ಹಿಂದಿನ ದಿನ ಬಂದಾಗ, ಅವರ ಹೆಸರಿನ ಅರ್ಥ ಅವರಿಗೆ ಗೊತ್ತಿದೆಯೇ ಕೇಳು ಎಂದು ಮಗಳಿಗೆ ಹೇಳಿದೆ. ಮಗಳು ಅಳುಕಿದಳು. ನಾನೇ ಕೈಸನ್ನೆಯಲ್ಲಿ ತೊಡಗಿದ ಮೇಲೆ ಕೇಳಿದಳು.

ಅವರಿಗೆ ಗೊತ್ತಿತ್ತು, ನೇಪಲ್ಸಿನಲ್ಲಿ ಗೊತ್ತಿಲ್ಲದವರಿಲ್ಲವಂತೆ. ಅವರ ಅಜ್ಜಿ, "ನಾವು ಮಡೋನ್ನಳ ಮಕ್ಕಳು" ಎನ್ನುತ್ತಿದ್ದಳಂತೆ. ಶಾಲೆಯಲ್ಲಿ ಯಾರಾದರೂ ಅಂದು ಆಡಿಕೊಂಡರೆ ಎಂದು ಕೇಳಿಸಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತಮ್ಮ ತರಗತಿಯಲ್ಲಿ ಆರು ಎಸ್ಪೋಸಿತೊ ಹುಡುಗಿಯರಿದ್ದರು, ಕನ್ಯಾಸ್ತ್ರೀ ಒಬ್ಬಳ ತಪ್ಪಿಗೆ ಇನ್ನೊಬ್ಬಳಿಗೆ ಹೊಡೆಯುತ್ತಿದ್ದಳು, ಆ ಹೆಸರಿನಿಂದ ತಮಗೆ ಆದ ತೊಂದರೆ ಅದೊಂದೇ ಎಂದರು.

ಆಮೇಲೆ ನನ್ನ ಕಡೆ ಬೆರಳು ಮಾಡಿ, ಈ ಸಿನ್ಯೋರನ ಹೆಸರಿನ ಅರ್ಥವೇನು ಎಂದು ಕೇಳಿದರು. ಮಗಳು ಸ್ವಲ್ಪ ನಾಚಿಕೊಂಡೇ ಹೇಳಿದಳು: ಚಿಪೊಲ್ಲಾ, ಈರುಳ್ಳಿ. ಮುದುಕಿ ನಗಲಿಲ್ಲ. ಚಿಪೊಲ್ಲಾ ಎಂಬ ಮನೆತನ ನಮ್ಮಲ್ಲಿಯೂ ಇದೆ, ಒಳ್ಳೆಯ ಜನ ಎಂದರು. ಅದೂ ನಿಜವೇ, ಕಾರ್ಲೊ ಚಿಪೊಲ್ಲಾ ಎಂಬ ದೊಡ್ಡ ಇತಿಹಾಸಕಾರನೊಬ್ಬ ಆ ದೇಶದಲ್ಲಿ ಆಗಿಹೋದ. ಹೊರಡುವಾಗ ಬಾಗಿಲಲ್ಲಿ ನಿಂತು, ಕೆಳಗೆ ಫಲಕದಲ್ಲಿ ನಿಮ್ಮ ಹೆಸರಿನ ಚೀಟಿಯ ಅಕ್ಷರ ಅಳಿಸಿಹೋಗಿದೆ, ಅಂಚೆಯವನು ಬೈಯುತ್ತಾನೆ, ಹೊಸದು ಬರೆದು ಹಾಕಿ ಎಂದು ಮಗಳಿಗೆ ಹೇಳಿ ಮೆಟ್ಟಿಲು ಹತ್ತಿದರು. ಅಕ್ಷರ ದುಂಡಗಿದೆ ಎಂದು ಮಗಳು ಆ ಕೆಲಸವನ್ನು ನನಗೇ ಒಪ್ಪಿಸಿದಳು.